ವಿಮಾನದ ವಯಸ್ಸು

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಮಾರುವವನ ಮಾತನ್ನು ನಂಬುವುದಿಲ್ಲ. ಎತ್ತಿನ ಬಾಯಿ ತೆರೆಸಿ ಹಲ್ಲನ್ನು ನೋಡುತ್ತಾನೆ. ಮರದ ವಯಸ್ಸನ್ನು ನಾವು ಕಾಂಡದೊಳಗಿನ ಉಂಗುರಗಳಿಂದ ಎಣಿಸುತ್ತೇವೆ. ಹಾಗಾದರೆ ಆಕಾಶದಲ್ಲಿ ಹಾರಾಡುವ ವಿಮಾನದ ವಯಸ್ಸನ್ನು ಗೊತ್ತುಮಾಡುವುದು ಹೇಗೆ? ಅದು ಕಾರ್ಖಾನೆಯಿಂದ ಹೊರಬಂದ ವರ್ಷವನ್ನು ಈಗಿನ ವರ್ಷದಿಂದ ಕಳೆದರೆ ಸಾಕಲ್ಲವೆ ಎಂದು ವಾಚಕರು ಕೇಳಬಹುದು. ಈ ಸುಲಭವಾದ ಲೆಕ್ಕ ನಮ್ಮನ್ನು ಎಷ್ಟರಮಟ್ಟಿಗೆ ತಪ್ಪುದಾರಿಗೆ ಎಳೆಯಬಲ್ಲುದೆಂಬುದಕ್ಕೆ ಎರಡು ವಿಮಾನಗಳ ಚರಿತ್ರೆಯನ್ನು ನೋಡೋಣ.

ಮೊದಲನೆಯದು ಹವಾಯಿ ದ್ವೀಪಗಳ ನಡುವೆ ಓಡಾಡುತ್ತಿದ್ದ ಒಂದು ಬೋಯಿಂಗ್ 737. ಅದು 1969ರಲ್ಲಿ ಕೆಲಸಕ್ಕೆ ನಿಂತು 1988ರಲ್ಲಿ ಅಪಘಾತಕ್ಕೀಡಾಯಿತು. ವರ್ಷದ ಲೆಕ್ಕದಲ್ಲಿ ಅದಕ್ಕೆ 19 ವಯಸ್ಸು. ಎರಡನೆಯದು ಒಂದು ಎಂಡಿ-11 ವಿಮಾನ. ಅದು 1991ರಲ್ಲಿ ಥಾಯ್ ಏರ್‌ವೇಸ್ ಸಂಸ್ಥೆಯ ಪ್ರಯಾಣಿಕ ವಿಮಾನವಾಗಿ ಹುಟ್ಟಿ, ಹದಿನೈದು ವರ್ಷಗಳ ತರುವಾಯ ಆಸನಗಳನ್ನೆಲ್ಲ ಕಳಚಿಸಿಕೊಂಡು ಸರಕು ವಿಮಾನವಾಗಿ ಮಾರ್ಪಟ್ಟು, ಅಮೆರಿಕದ ಯು.ಪಿ.ಎಸ್. ಸಂಸ್ಥೆಯ ಸೇವೆಯಲ್ಲಿ 2025ರವರೆಗೆ ದುಡಿಯಿತು. ಅದಕ್ಕೆ 34 ವಯಸ್ಸು. ಯಾವುದು ಹಿರಿಯದು? ಹಾರಾಟದ ಗಂಟೆಗಳನ್ನು ನೋಡಿದರೂ ಎರಡನೆಯದೇ ಹಿರಿಯದು. ಅದು ಹಾರಿದ್ದು ಸುಮಾರು 93,000 ಗಂಟೆ, ಮೊದಲನೆಯದು 35,496 ಗಂಟೆ. ಆದರೆ ನೆಲಬಿಟ್ಟು ಮೇಲೇರಿ ಮತ್ತೆ ನೆಲಕ್ಕಿಳಿದ ಸಲಗಳನ್ನು ಎಣಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ದೊಡ್ಡದು ಹಾಗೆ ಏರಿ ಇಳಿದದ್ದು ಸುಮಾರು 21,000 ಸಲ. ಹವಾಯಿಯ ಚಿಕ್ಕ ವಿಮಾನವಾದರೋ 89,680 ಸಲ!

ಭಾಗಾಕಾರ ಮಾಡಿ ನೋಡಿದರೆ ಕಾರಣ ತಿಳಿಯುತ್ತದೆ. ಹವಾಯಿಯ ವಿಮಾನದ ಒಂದೊಂದು ಹಾರಾಟವೂ ಸರಾಸರಿ 24 ನಿಮಿಷಗಳದು. ದಿನಕ್ಕೆ ಸುಮಾರು 13 ಹಾರಾಟ. ಎಂಡಿ-11ರ ಹಾರಾಟವು ಸರಾಸರಿ ನಾಲ್ಕೂ ಕಾಲು ಗಂಟೆಗೂ ಮಿಕ್ಕದ್ದು. ಒಂದು ಪೇಟೆಯ ಬೀದಿಯಲ್ಲಿ ನಿಂತು ನಿಂತು ಓಡುವ ಬಸ್ಸಿನಂತೆ; ಇನ್ನೊಂದು ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಸಾಗುವ ಲಾರಿಯಂತೆ. ವಿಮಾನಶಿಲ್ಪಿಗಳು ಒಂದು ಏರಿಕೆ, ಒಂದು ಹಾರಾಟ, ಒಂದು ಇಳಿಕೆ ಈ ಮೂರನ್ನೂ ಕೂಡಿಸಿ ಒಂದು ಆವರ್ತವೆಂದು ಕರೆಯುತ್ತಾರೆ. ವಿಮಾನದ ಒಡಲಿನ ವಯಸ್ಸನ್ನು ಅಳೆಯುವ ಮಾನ ಇದೇ ಹೊರತು ಪಂಚಾಂಗವಲ್ಲ.

ಹೀಗೇಕೆ? ಒಂದು ತೆಳುವಾದ ತಂತಿಯನ್ನು ಕೈಯಲ್ಲಿ ಹಿಡಿದು ಎಳೆದರೆ ಅದು ತುಂಡಾಗದು. ಅದನ್ನೇ ಅತ್ತ ಇತ್ತ ಹತ್ತಿಪ್ಪತ್ತು ಸಲ ಬಗ್ಗಿಸಿದರೆ ಸುಲಭವಾಗಿ ಮುರಿಯುತ್ತದೆ. ಒಂದೇ ಸಲ ಬಂದ ಬಲಕ್ಕೆ ಜಗ್ಗದ ಲೋಹವು ಅದಕ್ಕಿಂತ ಎಷ್ಟೋ ಕಡಮೆಯ ಬಲವು ಮತ್ತೆ ಮತ್ತೆ ಬಂದಾಗ ಸೋಲುತ್ತದೆ. ಇದಕ್ಕೆ ಲೋಹಶ್ರಾಂತಿ, ಎಂದರೆ ಲೋಹದ ದಣಿವು, ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಗಳ ಅಚ್ಚುಗಳು ಯಾವ ಮುನ್ಸೂಚನೆಯೂ ಇಲ್ಲದೆ ಮುರಿದುಬೀಳತೊಡಗಿದಾಗ ಜರ್ಮನಿಯ ಆಗಸ್ಟ್ ವೋಲರ್ ಎಂಬ ಎಂಜಿನಿಯರನು ಇದನ್ನು ಕ್ರಮವಾಗಿ ಪ್ರಯೋಗಗಳಿಂದ ಪರೀಕ್ಷಿಸಿದನು. ಬಲವು ಹೆಚ್ಚಾದಷ್ಟೂ ಲೋಹ ತಾಳುವ ಸಲಗಳ ಸಂಖ್ಯೆ ಕಡಮೆಯಾಗುವುದೆಂದೂ, ಉಕ್ಕಿನ ವಿಷಯದಲ್ಲಿ ಬಲವು ಒಂದು ಮಿತಿಗಿಂತ ಕೆಳಗಿದ್ದರೆ ಅದು ಬಹುಕಾಲ ತಾಳಬಲ್ಲುದೆಂದೂ ಅವನು ಕಂಡುಕೊಂಡನು. ಆದರೆ ವಿಮಾನಗಳನ್ನು ಬಹುಮಟ್ಟಿಗೆ ಕಟ್ಟುವುದು ಅಲ್ಯೂಮಿನಿಯಮಿನ ಮಿಶ್ರಲೋಹಗಳಿಂದ. ಈ ಲೋಹಕ್ಕೆ ಉಕ್ಕಿನಂತೆ ಅಂಥ ನಿಶ್ಚಿತವಾದ ಸುರಕ್ಷಿತ ಮಿತಿಯಿಲ್ಲ. ಎಷ್ಟೇ ಸಣ್ಣ ಬಲವಾಗಲಿ, ಸಾಕಷ್ಟು ಸಲ ಬಂದರೆ ಅದರಲ್ಲಿ ಎಂದಾದರೊಂದು ದಿನ ಬಿರುಕು ಹುಟ್ಟಬಹುದು. ವಿಮಾನವೊಂದರ ಆಯುಷ್ಯವನ್ನು ಲೆಕ್ಕವಿಟ್ಟು ಎಣಿಸಲೇಬೇಕಾದ ಅವಶ್ಯಕತೆ ಬಂದದ್ದು ಈ ಕಾರಣದಿಂದ.

ಇನ್ನು ವಿಮಾನದ ಒಡಲಿಗೆ ಈ ಬಲ ಬರುವುದು ಎಲ್ಲಿಂದ? ಸುಮಾರು 10,700 ಮೀಟರು ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ 0.24 ಕಿಲೋಗ್ರಾಮಿನಷ್ಟು ಮಾತ್ರ. ಅಂಥ ಗಾಳಿಯಲ್ಲಿ ಮನುಷ್ಯನು ಉಸಿರಾಡಿ ಬದುಕಲಾರ. ಆದುದರಿಂದ ಒಡಲೊಳಗೆ ಗಾಳಿಯನ್ನು ತುಂಬಿ, 2,400 ಮೀಟರು ಎತ್ತರದ ಬೆಟ್ಟದ ಮೇಲೆ ಇರುವಷ್ಟು, ಎಂದರೆ ಸುಮಾರು 0.77 ಕಿಲೋಗ್ರಾಮಿನ ಒತ್ತಡವನ್ನು ಕಾಪಾಡುತ್ತಾರೆ. ಒಳಗಿಗೂ ಹೊರಗಿಗೂ ಇರುವ ಭೇದ 0.53 ಕಿಲೋಗ್ರಾಮು. ಇದೇನು ಮಹಾ ಎಂದು ತೋರಬಹುದು. ಆದರೆ ಒಂದು ಚದರ ಮೀಟರಿನಲ್ಲಿ ಹತ್ತು ಸಾವಿರ ಚದರ ಸೆಂಟಿಮೀಟರುಗಳಿರುವುದರಿಂದ, ಒಡಲಿನ ಒಂದೊಂದು ಚದರ ಮೀಟರನ್ನೂ ಗಾಳಿಯು 5.3 ಟನ್ನುಗಳ ಬಲದಿಂದ ಹೊರಕ್ಕೆ ನೂಕುತ್ತಿರುತ್ತದೆ.

ಕೊಳವೆಯಾಕಾರದ ಪಾತ್ರೆಯ ಗೋಡೆಯಲ್ಲಿ ಉಂಟಾಗುವ ಎಳೆತವನ್ನು ಕಂಡುಹಿಡಿಯುವ ಸೂತ್ರವು ಕಾಲೇಜಿನ ವಿದ್ಯಾರ್ಥಿಗಳಿಗೆ ತಿಳಿದದ್ದೇ: ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸತಕ್ಕದ್ದು. ಹವಾಯಿಯ 737ರ ಒಡಲಿನ ಅಗಲ 3.76 ಮೀಟರು, ತ್ರಿಜ್ಯವು 188 ಸೆಂಟಿಮೀಟರು. ಹೊರತಗಡಿನ ದಪ್ಪವಾದರೋ ಕೇವಲ 0.9 ಮಿಲಿಮೀಟರು, ಅಂದರೆ ನಮ್ಮ ಬೆರಳಿನ ಉಗುರಿಗಿಂತ ಹೆಚ್ಚೇನೂ ದಪ್ಪವಲ್ಲ. ಲೆಕ್ಕ ಮಾಡಿದರೆ ಚದರ ಸೆಂಟಿಮೀಟರಿಗೆ ಸುಮಾರು 1,100 ಕಿಲೋಗ್ರಾಮಿನ ಎಳೆತ ಬರುತ್ತದೆ. ಆ ಮಿಶ್ರಲೋಹ ಒಂದೇ ಎಳೆತಕ್ಕೆ ಹರಿಯಬೇಕಾದರೆ ಇದರ ನಾಲ್ಕರಷ್ಟು ಬಲ ಬೇಕು. ಒಳಗಿನ ಪಕ್ಕೆಲುಬುಗಳೂ ಭಾರವನ್ನು ಹಂಚಿಕೊಳ್ಳುವುದರಿಂದ ನಿಜವಾದ ಎಳೆತ ಇನ್ನೂ ಸ್ವಲ್ಪ ಕಡಮೆ. ಆದ್ದರಿಂದ ಒಂದು ಹಾರಾಟಕ್ಕೆ ಹೆದರಬೇಕಾದ್ದಿಲ್ಲ. ಆದರೆ ವಿಮಾನವು ಏರುವಾಗ ಒಡಲು ಉಬ್ಬುತ್ತದೆ, ಇಳಿಯುವಾಗ ಕುಗ್ಗುತ್ತದೆ. ಅದೊಂದು ದೊಡ್ಡ ಪ್ರಾಣಿಯ ಉಸಿರಾಟದಂತೆ. ಒಂದೊಂದು ಹಾರಾಟವೂ ಒಂದೊಂದು ಉಸಿರು.

ಈ ಪಾಠವನ್ನು ಮಾನವನು ಪ್ರಾಣಗಳ ಬೆಲೆ ತೆತ್ತು ಕಲಿಯಬೇಕಾಯಿತು. ಜಗತ್ತಿನ ಮೊತ್ತಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಬ್ರಿಟನ್ನಿನ ಕಾಮೆಟ್ 1952ರ ಮೇ 2ರಂದು ಸೇವೆಯನ್ನಾರಂಭಿಸಿತು. 1954ರ ಜನವರಿಯಲ್ಲಿ ಒಂದು ಕಾಮೆಟ್ ಇಟಲಿಯ ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು. ಏಪ್ರಿಲಿನಲ್ಲಿ ಇನ್ನೊಂದು ನೇಪಲ್ಸಿನ ಬಳಿ ಅದೇ ಗತಿಯನ್ನು ಹೊಂದಿತು. ಫಾರ್ನ್‌ಬರೋದ ವಿಜ್ಞಾನಿಗಳು ಆಗ ಒಂದು ಪ್ರಯೋಗವನ್ನು ಹೂಡಿದರು. ಇಡೀ ಕಾಮೆಟ್ ಒಂದರ ಒಡಲನ್ನು ದೊಡ್ಡ ನೀರಿನ ತೊಟ್ಟಿಯೊಳಗಿಟ್ಟು, ಒಡಲೊಳಗೂ ನೀರು ತುಂಬಿ, ಒತ್ತಡವನ್ನು ಏರಿಸುತ್ತ ಇಳಿಸುತ್ತ ಹೋದರು. ಗಾಳಿಯ ಬದಲು ನೀರನ್ನೇಕೆ ಬಳಸಿದರು? ಒತ್ತಿದ ಗಾಳಿಯು ಬಿರುಕು ಸಿಕ್ಕೊಡನೆ ಬಾಂಬಿನಂತೆ ಸ್ಫೋಟಿಸಿ ಸಾಕ್ಷ್ಯವನ್ನೆಲ್ಲ ಚೂರುಮಾಡುವುದು. ನೀರು ಒತ್ತಿದರೆ ಅಷ್ಟಾಗಿ ಕುಗ್ಗದು. ಒಡಲು ಬಿರಿದೊಡನೆ ಅದರ ಒತ್ತಡ ತಟ್ಟನೆ ಇಳಿದುಹೋಗಿ, ಬಿರುಕು ಹುಟ್ಟಿದ ಸ್ಥಳ ಹಾಗೆಯೇ ಉಳಿಯುವುದು. ಆ ಕಾಮೆಟ್ ಅದುವರೆಗೆ ನಿಜವಾಗಿ ಹಾರಿದ್ದು 1,221 ಸಲ. ತೊಟ್ಟಿಯಲ್ಲಿ ಇನ್ನು 1,836 ಸಲ ಉಸಿರಾಡುವಷ್ಟರಲ್ಲಿ, ತಗಡಿನಲ್ಲಿ ಕೊರೆದ ಒಂದು ತೆರಪಿನ ಮೂಲೆಯಿಂದ ಹೊರಟ ಬಿರುಕು ಒಡಲನ್ನು ಸೀಳಿತು.

ತೆರಪಿನ ಮೂಲೆಯೇ ಏಕೆ? ಎಳೆತಕ್ಕೆ ಸಿಕ್ಕಿದ ತಗಡಿನಲ್ಲಿ ರಂಧ್ರವೊಂದಿದ್ದರೆ, ಹೊಳೆಯ ನಡುವಿನ ಬಂಡೆಯ ಪಕ್ಕದಲ್ಲಿ ನೀರು ಒತ್ತೊತ್ತಾಗಿ ಹರಿಯುವಂತೆ, ಬಲವು ರಂಧ್ರದ ಅಂಚಿನಲ್ಲಿ ಒತ್ತರಿಸಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಎಳೆದ ಅಗಲವಾದ ಹಲಗೆಯಲ್ಲಿ ದುಂಡಗಿನ ಸಣ್ಣ ರಂಧ್ರವಿದ್ದರೆ ಅದರ ಅಂಚಿನಲ್ಲಿ ಎಳೆತವು ಮೂರರಷ್ಟಾಗುವುದೆಂದು ಕಿರ್ಷ್ ಎಂಬ ಜರ್ಮನ್ ಎಂಜಿನಿಯರನು 1898ರಲ್ಲೇ ಗಣಿತದಿಂದ ತೋರಿಸಿದ್ದನು. ಮೂಲೆ ಚೂಪಾದಷ್ಟೂ ಅಪಾಯ ಹೆಚ್ಚು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಒಡಲಿನಲ್ಲಿ ದೊಡ್ಡದೊಂದು ಬಾಗಿಲನ್ನು ಕೊರೆಯುವ ಪ್ರಸಂಗ ಬರುವುದಿದೆ.

ಈಗ ಹವಾಯಿಯ ವಿಮಾನಕ್ಕೆ ಬರೋಣ. 1988ರ ಏಪ್ರಿಲ್ 28ರಂದು ಅಲೋಹ ಏರ್‌ಲೈನ್ಸಿನ ಆ 737 ವಿಮಾನವು ಹಿಲೊದಿಂದ ಹೊನೊಲುಲುವಿಗೆ ಹೊರಟು 24,000 ಅಡಿ ಎತ್ತರವನ್ನು ಮುಟ್ಟಿತ್ತು. ಒಮ್ಮೆಲೇ ಮುಂಭಾಗದ ಚಾವಣಿಯು ಐದೂವರೆ ಮೀಟರಿನಷ್ಟು ಉದ್ದಕ್ಕೆ ಕಿತ್ತು ಹಾರಿಹೋಯಿತು. ಗಗನಸಖಿಯೊಬ್ಬಳು ಅದರೊಡನೆ ಹೊರಕ್ಕೆಸೆಯಲ್ಪಟ್ಟು ಸತ್ತಳು. ಪ್ರಯಾಣಿಕರು ನಡುಪಟ್ಟಿ ಕಟ್ಟಿಕೊಂಡು ಕುಳಿತಿದ್ದರು. ತಲೆಯ ಮೇಲೆ ಬರಿಯ ಆಕಾಶವಿದ್ದರೂ ಚಾಲಕರು ವಿಮಾನವನ್ನು ಮಾವಿ ದ್ವೀಪದಲ್ಲಿ ಇಳಿಸಿದರು, ಉಳಿದವರೆಲ್ಲರೂ ಬದುಕಿದರು. ತನಿಖೆಯಿಂದ ತಿಳಿದುಬಂದದ್ದೇನೆಂದರೆ, ತಗಡುಗಳನ್ನು ಒಂದರ ಮೇಲೊಂದು ಅಂಟಿಸಿ ರಿವೆಟ್ಟು ಹೊಡೆದಿದ್ದ ಜೋಡಣೆಗಳಲ್ಲಿ ಅಂಟು ಬಿಟ್ಟಿತ್ತು. ಕಡಲಿನ ಉಪ್ಪುಗಾಳಿಗೆ ಲೋಹ ಸವೆದಿತ್ತು. ಸಾಲಾಗಿದ್ದ ರಿವೆಟ್ಟಿನ ತೂತುಗಳಲ್ಲಿ ಸಣ್ಣ ಸಣ್ಣ ಬಿರುಕುಗಳು ಹುಟ್ಟಿದ್ದುವು. ಒಂದೊಂದು ಬಿರುಕೂ ಅತ್ಯಲ್ಪ. ಆದರೆ ಅಂಚೆಚೀಟಿಯ ಹಾಳೆಯ ತೂತಿನ ಸಾಲಿನಂತೆ ಅವು ಒಂದನ್ನೊಂದು ಕೂಡಿಕೊಂಡಾಗ ತಗಡು ಉದ್ದಕ್ಕೂ ಹರಿಯಿತು. ವಿಮಾನವನ್ನು ಏರುವಾಗ ಬಾಗಿಲಿನ ಬಳಿ ಒಡಲಿನಲ್ಲಿ ಬಿರುಕನ್ನು ಕಂಡ ಪ್ರಯಾಣಿಕಳೊಬ್ಬಳು, ಯಾರಿಗೂ ಹೇಳದೆ ಹೋಗಿ ತನ್ನ ಜಾಗದಲ್ಲಿ ಕುಳಿತಿದ್ದಳಂತೆ!

ಬೋಯಿಂಗ್ ಸಂಸ್ಥೆಯು 737ನ್ನು ರೂಪಿಸುವಾಗ ಇಟ್ಟುಕೊಂಡಿದ್ದ ಗುರಿ 75,000 ಹಾರಾಟಗಳು. ದೂರಪ್ರಯಾಣದ 747ಕ್ಕೆ 20,000 ಹಾರಾಟಗಳು ಸಾಕೆಂದು ಎಣಿಸಿದ್ದರು. ಈ ಸಂಖ್ಯೆಗಳು ಮುಟ್ಟಿದೊಡನೆ ವಿಮಾನವನ್ನು ಗುಜರಿಗೆ ಹಾಕಬೇಕೆಂದಲ್ಲ; ಅಲ್ಲಿಂದಾಚೆಗೆ ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕೆಂದು ಅರ್ಥ. ಹವಾಯಿಯ ವಿಮಾನವು ಪ್ರತಿಸಲವೂ ಪೂರ್ಣ ಎತ್ತರಕ್ಕೆ ಏರುತ್ತಿರಲಿಲ್ಲ, ಆದ್ದರಿಂದ ಅದರ ಉಸಿರುಗಳೆಲ್ಲ ಪೂರ್ಣ ಉಸಿರುಗಳೂ ಅಲ್ಲ; ಆದರೂ ಗುರಿ ದಾಟಿತ್ತು. ಆ ಅಪಘಾತದ ತರುವಾಯ ಹಳೆಯ ವಿಮಾನಗಳ ಪರೀಕ್ಷೆಯ ಕ್ರಮವೇ ಬದಲಾಯಿತು. ಒಂದೊಂದು ಜಾತಿಯ ವಿಮಾನಕ್ಕೂ ಎಷ್ಟು ಹಾರಾಟಗಳವರೆಗೆ ಪರೀಕ್ಷಾಕ್ರಮವನ್ನು ನಂಬಬಹುದೆಂಬ ಮಿತಿಯನ್ನು ಗೊತ್ತುಪಡಿಸತಕ್ಕದ್ದೆಂದು ಅಮೆರಿಕದ ವಾಯುಯಾನ ಆಡಳಿತವು 2010ರಲ್ಲಿ ನಿಯಮ ಮಾಡಿತು.

ಇಲ್ಲಿಯವರೆಗೆ ಒಡಲನ್ನು ಮಾತ್ರ ನೋಡಿದೆವು. ವಾಸ್ತವವಾಗಿ ವಿಮಾನಕ್ಕೆ ಒಂದೇ ವಯಸ್ಸು ಎಂಬುದಿಲ್ಲ. ಎಂಜಿನಿನೊಳಗೆ ಗಿರಗಿರನೆ ತಿರುಗುವ ಬಿಲ್ಲೆಗಳಿಗೆ ಎಂಜಿನನ್ನು ಹೊತ್ತಿಸಿ ಆರಿಸಿದ ಸಲಗಳಿಂದ ವಯಸ್ಸಾಗುತ್ತದೆ. ಅವುಗಳ ಮಿತಿ ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ಸಾವಿರ ಆವರ್ತಗಳು, ಅದು ಮುಟ್ಟಿದ ದಿನ ಬಿಲ್ಲೆ ಎಷ್ಟೇ ಹೊಳೆಯುತ್ತಿದ್ದರೂ ಕಿತ್ತೊಗೆಯಲೇಬೇಕು. ಚಕ್ರಗಳ ಕಾಲುಗಳಿಗೆ ನೆಲಮುಟ್ಟಿದ ಸಲಗಳಿಂದಲೂ ಕಳೆದ ವರ್ಷಗಳಿಂದಲೂ ವಯಸ್ಸಾಗುವುದು. ಸುಮಾರು ಹತ್ತು ವರ್ಷಗಳಿಗೊಮ್ಮೆ ಅವನ್ನು ಪೂರ್ತಿ ಬಿಚ್ಚಿ ನೋಡುತ್ತಾರೆ. ತುಕ್ಕಿಗೆ ಮಾತ್ರ ಹಾರಾಟದ ಗೊಡವೆಯಿಲ್ಲ. ವಿಮಾನ ಸುಮ್ಮನೆ ನಿಂತಿದ್ದರೂ ಅದು ತನ್ನ ಕೆಲಸ ಮಾಡುತ್ತಲೇ ಇರುವುದು. ಹೀಗೆ ಒಂದೇ ವಿಮಾನದಲ್ಲಿ ಮುದುಕರೂ ಮಕ್ಕಳೂ ಕೂಡಿ ಬಾಳುವ ಅವಿಭಕ್ತ ಕುಟುಂಬವೇ ಇರುವುದೆನ್ನಬಹುದು. ಮೂವತ್ತು ವರ್ಷದ ರೆಕ್ಕೆಯ ಕೆಳಗೆ ಮೂರು ವರ್ಷದ ಬಿಲ್ಲೆಗಳಿರುವ ಎಂಜಿನು ತೂಗುತ್ತಿರಬಹುದು.

ಈ ನಾನಾ ವಯಸ್ಸುಗಳನ್ನೆಲ್ಲ ಬರೆದಿಡುವ ಪುಸ್ತಕಗಳೇ ವಿಮಾನದ ಜಾತಕ. ಅವುಗಳ ಬೆಲೆ ತಿಳಿಯಬೇಕಾದರೆ ವಿಮಾನದ ಒಡೆಯರು ಯಾರು ಎಂಬುದನ್ನು ವಿಚಾರಿಸಬೇಕು. ವಿಮಾನದ ಮೇಲೆ ಯಾವ ಸಂಸ್ಥೆಯ ಹೆಸರನ್ನು ಬರೆದಿರುವುದೋ ಅದೇ ಸಂಸ್ಥೆ ಅದರ ಒಡೆಯನೆಂದು ನಾವು ಭಾವಿಸುತ್ತೇವೆ. ಈಗ ಲೋಕದ ಪ್ರಯಾಣಿಕ ವಿಮಾನಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಗುತ್ತಿಗೆಯವು. ನಮ್ಮ ಹಿರಿಯರು ಕಂಡ ಗೇಣಿ ಪದ್ಧತಿಯಂತೆ, ಉಳುವವನೊಬ್ಬ, ಒಡೆಯನೊಬ್ಬ. 1973ರಲ್ಲಿ ಅಮೆರಿಕದಲ್ಲಿ ಐ.ಎಲ್.ಎಫ್.ಸಿ. ಎಂಬ ಸಂಸ್ಥೆಯೂ 1975ರಲ್ಲಿ ಐರ್ಲೆಂಡಿನ ಶಾನನ್ನಿನಲ್ಲಿ ಜಿ.ಪಿ.ಎ. ಎಂಬ ಸಂಸ್ಥೆಯೂ ಹುಟ್ಟಿದ ಮೇಲೆ ಈ ವ್ಯಾಪಾರ ಬೆಳೆಯಿತು. ಗುತ್ತಿಗೆ ಹಿಡಿದ ವಿಮಾನಸಂಸ್ಥೆಯು ತಿಂಗಳ ಬಾಡಿಗೆಯನ್ನು ಕೊಡುವುದಲ್ಲದೆ, ಅನೇಕ ಕರಾರುಗಳಲ್ಲಿ ಹಾರಿದ ಪ್ರತಿಯೊಂದು ಗಂಟೆಗೂ ಪ್ರತಿಯೊಂದು ಆವರ್ತಕ್ಕೂ ಇಂತಿಷ್ಟೆಂದು ದುರಸ್ತಿಯ ನಿಧಿಗೆ ಹಣ ಕಟ್ಟುತ್ತದೆ. ಸವೆತಕ್ಕೆ ಬೆಲೆ ಕಟ್ಟಿದಂತಾಯಿತು. ಅವಧಿ ಮುಗಿದು ವಿಮಾನವನ್ನು ಹಿಂದಿರುಗಿಸುವಾಗ ಒಡೆಯನ ಕಡೆಯ ಪರೀಕ್ಷಕರು ವಿಮಾನವನ್ನು ನೋಡುವಷ್ಟೇ ಶ್ರದ್ಧೆಯಿಂದ ಕಾಗದಪತ್ರಗಳನ್ನು ನೋಡುವರು. ಎಂಜಿನಿನ ಬಿಲ್ಲೆಯೊಂದು ಹುಟ್ಟಿದಂದಿನಿಂದ ಎಷ್ಟು ಆವರ್ತ ತಿರುಗಿದೆಯೆಂಬುದಕ್ಕೆ ಎಡೆಬಿಡದ ದಾಖಲೆ ಇಲ್ಲದಿದ್ದರೆ, ಆ ಬಿಲ್ಲೆ ಕಣ್ಣಿಗೆ ಎಷ್ಟೇ ಹೊಸತಾಗಿ ಕಂಡರೂ ಬರಿಯ ಲೋಹದ ತುಂಡು. ಅಣುವಿನಷ್ಟು ಸಣ್ಣ ಗಾಯಗಳ ಮೊತ್ತವೇ ಲೋಹಶ್ರಾಂತಿಯಾದ್ದರಿಂದ, ಬಿರುಕು ಕಾಣಿಸುವವರೆಗೆ ಅದನ್ನು ತೋರಿಸುವ ಸಾಕ್ಷಿ ಬರವಣಿಗೆಯೊಂದೇ.

ಗುತ್ತಿಗೆದಾರನು ದಿವಾಳಿಯಾದರೆ ಏನಾಗುವುದೆಂಬುದು ಬೇರೆಯೇ ಒಂದು ಅಧ್ಯಾಯ. 2012ರಲ್ಲಿ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ನಿಲ್ಲಿಸಿದಾಗ ಹೊರದೇಶದ ಒಡೆಯರು ತಮ್ಮ ವಿಮಾನಗಳನ್ನು ಬಿಡಿಸಿಕೊಳ್ಳಲು ಬಹಳ ಕಷ್ಟಪಟ್ಟರು. ಇಂಥ ತೊಡಕುಗಳಿಗಾಗಿಯೇ 2001ರಲ್ಲಿ ಕೇಪ್‌ಟೌನಿನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಗಿತ್ತು. ಭಾರತವು ಅದಕ್ಕೆ 2008ರಲ್ಲಿ ಸೇರಿದರೂ ಅದನ್ನು ಜಾರಿಗೆ ತರುವ ಪ್ರತ್ಯೇಕ ಕಾಯಿದೆ ಮಾಡಿದ್ದು 2025ರಲ್ಲಿ.

ವಿಮಾನಕ್ಕೆ ಹದಿನೈದು ಇಪ್ಪತ್ತು ವರ್ಷಗಳಾದಾಗ ಒಡೆಯನ ಮುಂದೆ ಮೂರು ದಾರಿಗಳು. ಕಡಮೆ ಬಾಡಿಗೆಗೆ ಇನ್ನೊಂದು ಪ್ರಯಾಣಿಕ ಸಂಸ್ಥೆಗೆ ಕೊಡಬಹುದು. ಬಿಚ್ಚಿ ಎಂಜಿನುಗಳನ್ನೂ ಬಿಡಿಭಾಗಗಳನ್ನೂ ಮಾರಬಹುದು. ಇಲ್ಲವೆ ಸರಕು ವಿಮಾನವನ್ನಾಗಿ ಮಾರ್ಪಡಿಸಬಹುದು. ಪ್ರಯಾಣಿಕ ಸಂಸ್ಥೆಗೆ ಬೇಡವಾದ ಮುದಿ ವಿಮಾನ ಸರಕಿನವರಿಗೆ ಲಾಭಕರವಾಗುವುದು ಹೇಗೆ? ಉದಾಹರಣೆಗೆಂದು ಕೆಲವು ಅಂಕೆಗಳನ್ನು ಊಹಿಸಿಕೊಳ್ಳೋಣ. ಹೊಸ ವಿಮಾನದ ತಿಂಗಳ ಬಾಡಿಗೆಯು ಹಳೆಯದಕ್ಕಿಂತ ಒಂದೂವರೆ ಕೋಟಿ ರೂಪಾಯಿ ಹೆಚ್ಚೆಂದೂ, ಹಳೆಯದು ಇಂಧನ ಮತ್ತು ದುರಸ್ತಿಗೆಂದು ಗಂಟೆಗೆ 75,000 ರೂಪಾಯಿ ಹೆಚ್ಚು ತಿನ್ನುವುದೆಂದೂ ಇಟ್ಟುಕೊಳ್ಳೋಣ. ಒಂದೂವರೆ ಕೋಟಿಯನ್ನು 75,000ದಿಂದ ಭಾಗಿಸಿದರೆ 200. ಎಂದರೆ ತಿಂಗಳಿಗೆ 200 ಗಂಟೆಗಿಂತ ಹೆಚ್ಚು ಹಾರುವವನಿಗೆ ಹೊಸದು ಅಗ್ಗ. ಕಡಮೆ ಹಾರುವವನಿಗೆ ಹಳೆಯದು ಅಗ್ಗ. ಪ್ರಯಾಣಿಕ ವಿಮಾನವು ದಿನಕ್ಕೆ ಹನ್ನೊಂದು ಗಂಟೆ ಹಾರಿದರೆ ತಿಂಗಳಿಗೆ 330 ಗಂಟೆಯಾಯಿತು. ಅಂಚೆ ಪಾರ್ಸೆಲುಗಳನ್ನು ಹೊರುವ ವಿಮಾನವು ಸಂಜೆ ಸರಕು ಕೂಡುವವರೆಗೆ ಕಾದು, ರಾತ್ರಿ ಎರಡು ಮೂರು ಊರುಗಳನ್ನು ಮುಟ್ಟಿ, ಬೆಳಗಾಗುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ದಿನಕ್ಕೆ ಮೂರು ನಾಲ್ಕು ಗಂಟೆ. ತಿಂಗಳಿಗೆ ನೂರು ಚಿಲ್ಲರೆ. ಪೆಟ್ಟಿಗೆಗಳಿಗೆ ಹಗಲಿನಲ್ಲಿ ಪ್ರಯಾಣ ಮಾಡುವ ಆತುರವಿಲ್ಲವಷ್ಟೆ. ಕಡಮೆ ಹಾರುವುದರಿಂದ ಆವರ್ತಗಳೂ ನಿಧಾನವಾಗಿ ಏರುತ್ತವೆ. ಹೀಗಾಗಿ ಎರಡನೆಯ ಬಾಳು ಮೊದಲನೆಯದಕ್ಕಿಂತ ದೀರ್ಘವಾದರೂ ಆಶ್ಚರ್ಯವಿಲ್ಲ.

ಮಾರ್ಪಾಟಿನ ಕೆಲಸ ಸುಮಾರು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಆಸನಗಳು, ಅಡುಗೆಕಟ್ಟೆಗಳು, ಶೌಚಾಲಯಗಳು, ಗೋಡೆಯ ಹೊದಿಕೆಗಳು ಎಲ್ಲವನ್ನೂ ಕಿತ್ತು ಹಾಕಿದ ಮೇಲೆ ಒಳಭಾಗವು ತಿಮಿಂಗಿಲದ ಹೊಟ್ಟೆಯಂತೆ ಪಕ್ಕೆಲುಬುಗಳನ್ನು ತೋರಿಸುತ್ತ ನಿಲ್ಲುತ್ತದೆ. ಜನರು ನಡೆಯಲು ಮಾಡಿದ ನೆಲವು ಟನ್ನುಗಟ್ಟಲೆ ಸರಕಿನ ಹಲಗೆಗಳನ್ನು ತಾಳಲಾರದು. ಅದಕ್ಕಾಗಿ ನೆಲದ ತೊಲೆಗಳನ್ನು ಬಲಪಡಿಸುವರು ಇಲ್ಲವೆ ಹೊಸದಾಗಿ ಹಾಕುವರು. ಮೇಲೆ ಉರುಳೆಗಳನ್ನೂ ಸರಕನ್ನು ಕಚ್ಚಿಹಿಡಿಯುವ ಬೀಗಗಳನ್ನೂ ಕೂಡಿಸುವರು. ಗಾಜಿನ ಕಿಟಕಿಗಳನ್ನು ತೆಗೆದು ಲೋಹದ ಬಿಲ್ಲೆಗಳಿಂದ ಮುಚ್ಚುವರು. ಹೊಗೆಯನ್ನು ಕಂಡುಹಿಡಿಯುವ ಉಪಕರಣಗಳನ್ನು ಉದ್ದಕ್ಕೂ ಜೋಡಿಸುವರು. ಮೇಲಂತಸ್ತಿನ ಸರಕಿಗೆ ಬೆಂಕಿ ಬಿದ್ದರೆ ಅದನ್ನು ಅಡಗಿಸುವ ಮುಖ್ಯೋಪಾಯವೇನು ಗೊತ್ತೆ? ಆ ಭಾಗಕ್ಕೆ ಗಾಳಿ ಹೋಗುವುದನ್ನು ನಿಲ್ಲಿಸಿ ಒಡಲಿನ ಒತ್ತಡವನ್ನೇ ಇಳಿಸಿಬಿಡುವುದು. ಬೆಂಕಿಗೆ ಉಸಿರುಕಟ್ಟುವುದು, ಚಾಲಕರು ಮುಖವಾಡ ಧರಿಸಿ ಆಮ್ಲಜನಕ ಸೇವಿಸುವರು. ಪ್ರಯಾಣಿಕರಿದ್ದಾಗ ಈ ಉಪಾಯ ಮಾಡುವಂತಿಲ್ಲ.

ಚಾಲಕರ ಬೆನ್ನ ಹಿಂದೆ ಒಂದು ಗಟ್ಟಿ ತಡೆಗೋಡೆಯನ್ನೋ ಬಲೆಯನ್ನೋ ಕಟ್ಟಬೇಕು. ಅದು ಸರಕಿನ ತೂಕದ ಒಂಬತ್ತರಷ್ಟು ನೂಕನ್ನು ತಾಳಬೇಕೆಂದು ನಿಯಮ. ಇಪ್ಪತ್ತು ಟನ್ನು ಸರಕಿದ್ದರೆ 180 ಟನ್ನಿನ ನೂಕು. ವಿಮಾನ ಥಟ್ಟನೆ ನಿಂತಾಗ ಹಿಂದಿನ ಸರಕು ನುಗ್ಗಿ ಬಂದು ಚಾಲಕರನ್ನು ಅಪ್ಪಳಿಸದಿರಲೆಂದು ಈ ಏರ್ಪಾಡು. ಸರಕು ಹಿಂದಕ್ಕೆ ಸರಿದರೂ ಅನಾಹುತವೇ. 2013ರ ಏಪ್ರಿಲಿನಲ್ಲಿ ಆಫ್ಘಾನಿಸ್ತಾನದ ಬಗ್ರಾಮಿನಲ್ಲಿ, ಒಂದು ಕಾಲಕ್ಕೆ ಏರ್ ಫ್ರಾನ್ಸಿನ ಪ್ರಯಾಣಿಕರನ್ನು ಹೊತ್ತಿದ್ದ ಒಂದು 747 ವಿಮಾನವು ಸೇನಾವಾಹನಗಳನ್ನು ತುಂಬಿಕೊಂಡು ಏರುತ್ತಿದ್ದಂತೆ ಕಟ್ಟು ಸಡಿಲಿದ ವಾಹನವು ಹಿಂದಕ್ಕುರುಳಿ ಬಾಲದ ಕಡೆಯ ಯಂತ್ರಾಂಗಗಳನ್ನು ಮುರಿಯಿತು. ಅದರಲ್ಲಿದ್ದ ಏಳು ಮಂದಿಯೂ ಸತ್ತರು.

ಎಲ್ಲಕ್ಕಿಂತ ಕಠಿನವಾದುದು ಬಾಗಿಲು. ಬೋಯಿಂಗ್ 757ರ ಎಡಮಗ್ಗುಲಿನಲ್ಲಿ, ರೆಕ್ಕೆಗೆ ಮುಂದೆ, ಸುಮಾರು 3.4 ಮೀಟರು ಅಗಲ, 2.2 ಮೀಟರು ಎತ್ತರದ ತೆರಪನ್ನು ಕೊರೆಯಬೇಕು. ಹಲವು ಪಕ್ಕೆಲುಬುಗಳು ಕತ್ತರಿಸಿಹೋಗುವುವು. ಕಾಮೆಟ್ ಯಾವುದಕ್ಕೆ ಹೆದರಬೇಕೆಂದು ಕಲಿಸಿತೋ ಅದನ್ನೇ ಇಲ್ಲಿ ಬೇಕೆಂದು ಮಾಡುತ್ತೇವೆ! ಅದಕ್ಕಾಗಿ ಮೂಲೆಗಳನ್ನು ದುಂಡಗೆ ತಿರುಗಿಸಿ, ಸುತ್ತಲೂ ದಪ್ಪನೆಯ ಮೇಲ್ತಗಡುಗಳನ್ನೂ ಬಲವಾದ ಚೌಕಟ್ಟನ್ನೂ ರಿವೆಟ್ಟು ಮಾಡಿ, ಕತ್ತರಿಸಿದ ಪಕ್ಕೆಲುಬುಗಳ ಭಾರವು ಬಾಗಿಲನ್ನು ಬಳಸಿಕೊಂಡು ಹೋಗುವಂತೆ ದಾರಿ ಮಾಡಿಕೊಡುತ್ತಾರೆ. ಬಾಗಿಲಿನ ವಿಸ್ತೀರ್ಣ ಏಳೂವರೆ ಚದರ ಮೀಟರು. ಚದರ ಮೀಟರಿಗೆ 5.3 ಟನ್ನಿನಂತೆ ಅದರ ಮೇಲೆ 40 ಟನ್ನಿನ ನೂಕು ಬೀಳುವುದು. ದಸರೆಯ ಎಂಟು ಆನೆಗಳು ಒಳಗಿನಿಂದ ಒರಗಿ ನಿಂತಂತೆ. ಪ್ರಯಾಣಿಕರ ಬಾಗಿಲು ಸೀಸೆಗೆ ಒಳಗಿನಿಂದ ಹಾಕಿದ ಬಿರಡೆಯ ಹಾಗೆ. ಒತ್ತಡ ಹೆಚ್ಚಿದಷ್ಟೂ ಬಿಗಿಯಾಗುವುದು. ಸರಕಿನ ಬಾಗಿಲು ಹೊರಕ್ಕೆ ತೆರೆಯತಕ್ಕದ್ದಾದ್ದರಿಂದ ಆ ನೂಕನ್ನೆಲ್ಲ ತಡೆಯುವುವು ಅಗುಳಿಗಳು ಮಾತ್ರ. 1974ರ ಮಾರ್ಚಿಯಲ್ಲಿ ಪ್ಯಾರಿಸ್ಸಿನ ಬಳಿ ಡಿಸಿ-10 ಪ್ರಯಾಣಿಕ ವಿಮಾನವೊಂದರ ಕೆಳಗಿನ ಸರಕಿನ ಬಾಗಿಲಿನ ಅಗುಳಿ ಸರಿಯಾಗಿ ಬೀಳದೆ ಬಾಗಿಲು ಕಿತ್ತುಹೋಗಿ 346 ಮಂದಿ ಸತ್ತರು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವಿಷಯವನ್ನು ಮರೆಯುವಂತಿಲ್ಲ. ನೆಲ ಹೊಸದು, ಬಾಗಿಲು ಹೊಸದು, ಬಣ್ಣವೂ ಹೊಸದು. ಆದರೆ ರೆಕ್ಕೆಯೂ, ಎಂಜಿನನ್ನು ರೆಕ್ಕೆಗೆ ತೂಗುಹಾಕುವ ತೋಳೂ ಹಳೆಯವೇ. ಮಾರ್ಪಾಟಿನಿಂದ ಆವರ್ತಗಳ ಲೆಕ್ಕ ಸೊನ್ನೆಗೆ ಹಿಂದಿರುಗುವುದಿಲ್ಲ.

ಆರಂಭದಲ್ಲಿ ಹೇಳಿದ ಎಂಡಿ-11ರ ಕೊನೆಯ ದಿನ 2025ರ ನವೆಂಬರ್ 4. ಅದು ಅಮೆರಿಕದ ಲೂಯಿವಿಲ್ ನಗರದಿಂದ ಹೊನೊಲುಲುವಿಗೆ ಹೊರಟು ನೆಲಬಿಡುತ್ತಿದ್ದಂತೆ ಎಡರೆಕ್ಕೆಯ ಎಂಜಿನು ತನ್ನ ತೋಳಿನ ಸಮೇತ ಕಳಚಿಬಿತ್ತು. ವಿಮಾನವು ನಿಲ್ದಾಣದ ಆಚೆಗಿನ ಕಟ್ಟಡಗಳ ಮೇಲೆರಗಿ ಉರಿದುಹೋಯಿತು. ಮೂವರು ಚಾಲಕರಲ್ಲದೆ, ವಿಮಾನಕ್ಕೂ ತಮಗೂ ಯಾವ ಸಂಬಂಧವೂ ಇಲ್ಲದೆ ನೆಲದ ಮೇಲೆ ತಮ್ಮ ಪಾಡಿಗೆ ತಾವಿದ್ದ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಲಿಯು ಆ ತಿಂಗಳೇ ಹೊರಡಿಸಿದ ಪ್ರಾಥಮಿಕ ವರದಿಯಲ್ಲಿ, ತೋಳಿನ ಹಿಂಬದಿಯನ್ನು ರೆಕ್ಕೆಗೆ ಸೇರಿಸುವ ಲೋಹದ ಕಿವಿಗಳಲ್ಲಿ ಶ್ರಾಂತಿಯ ಬಿರುಕುಗಳು ಕಂಡುಬಂದುವೆಂದು ತಿಳಿಸಿತು. ಎಂಡಿ-11 ಹುಟ್ಟಿದ್ದು ಡಿಸಿ-10ರ ಸಂತತಿಯಾಗಿ. 1979ರ ಮೇ ತಿಂಗಳಲ್ಲಿ ಷಿಕಾಗೋವಿನಲ್ಲಿ ಡಿಸಿ-10 ಒಂದರ ಎಡ ಎಂಜಿನು ಹೀಗೆಯೇ ತೋಳಿನೊಡನೆ ಕಳಚಿ 273 ಮಂದಿ ಸತ್ತಿದ್ದರು. ಆಗಿನ ಕಾರಣ ಬೇರೆ. ದುರಸ್ತಿಯ ವೇಳೆ ಎಂಜಿನನ್ನೂ ತೋಳನ್ನೂ ಒಟ್ಟಾಗಿ ಎತ್ತುವ ತಪ್ಪು ಕ್ರಮದಿಂದ ಲೋಹಕ್ಕೆ ಪೆಟ್ಟಾಗಿತ್ತು.

ಲೂಯಿವಿಲ್ಲಿನ ವರದಿಯಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಕೆಯೊಂದುಂಟು. ಆ ಲೋಹದ ಕಿವಿಗಳನ್ನು ವಿಶೇಷ ಉಪಕರಣಗಳಿಂದ ಪರೀಕ್ಷಿಸುವ ಸರದಿ ಬರಬೇಕಾಗಿದ್ದುದು 29,200 ಆವರ್ತಗಳಾದ ಮೇಲೆ. ವಿಮಾನವು ಮುಗಿಸಿದ್ದುದು 21,043. ಲೆಕ್ಕ ಬರೆದವರು ತಪ್ಪಿರಲಿಲ್ಲ. ಆ ಪರೀಕ್ಷೆಯ ವೇಳೆಯನ್ನು ನಿಗದಿ ಮಾಡಿದ ಊಹೆಯೇ ಲೋಹದ ಸ್ವಭಾವಕ್ಕಿಂತ ಎಂಟು ಸಾವಿರ ಆವರ್ತಗಳಷ್ಟು ಹಿಂದೆ ಬಿದ್ದಿತ್ತು. ಎಂಡಿ-11ರ ಪ್ರಯಾಣಿಕ ಸೇವೆಯು 2014ರಲ್ಲಿ ಕೆ.ಎಲ್.ಎಂ. ಸಂಸ್ಥೆಯೊಡನೆ ಮುಗಿದು, ಆ ಜಾತಿಯ ವಿಮಾನಗಳಲ್ಲಿ ಸರಕಿನವು ಮಾತ್ರ ಉಳಿದಿದ್ದುವು. ಅಪಘಾತವಾದ ಕೆಲವೇ ದಿನಗಳಲ್ಲಿ ಅವುಗಳ ಹಾರಾಟವನ್ನೂ, ಅಲ್ಲಲ್ಲಿ ಉಳಿದಿದ್ದ ಡಿಸಿ-10ಗಳ ಹಾರಾಟವನ್ನೂ ಪರೀಕ್ಷೆಗಾಗಿ ತಡೆಹಿಡಿಯಲಾಯಿತು.

ಹೀಗೆ ಎರಡನೆಯ ಬಾಳು ಬಾಳುವ ವಿಮಾನಗಳನ್ನು ನೋಡಲು ದೂರ ಹೋಗಬೇಕಾದ್ದಿಲ್ಲ. ಬ್ಲೂ ಡಾರ್ಟ್ ಸಂಸ್ಥೆಯು 1996ರಲ್ಲಿ ಬೋಯಿಂಗ್ 737ಗಳಿಂದ ಆರಂಭಿಸಿ 2006ರಿಂದ ಬೋಯಿಂಗ್ 757ಗಳನ್ನು ಬಳಸುತ್ತ ಬಂದಿದೆ. ಬೆಂಗಳೂರು ಅವು ಮುಟ್ಟುವ ಊರುಗಳಲ್ಲೊಂದು. ಆ 757ಗಳು ಮೊದಲು ಹೊರದೇಶಗಳಲ್ಲಿ ಪ್ರಯಾಣಿಕರನ್ನು ಹೊತ್ತವು. ಬೆಂಗಳೂರಿನಲ್ಲೇ ನೆಲೆಗೊಂಡ ಕ್ವಿಕ್‌ಜೆಟ್ ಸಂಸ್ಥೆಯೂ 2023ರಲ್ಲಿ ಮಾರ್ಪಡಿಸಿದ 737-800 ವಿಮಾನದಿಂದ ಅಮೆಜಾನಿನ ಸರಕನ್ನು ಸಾಗಿಸತೊಡಗಿತು. 2022ರಲ್ಲಿ ಬೆಂಗಳೂರಿನ ಹಿಂದುಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯು ಇಂಥ ಮಾರ್ಪಾಟುಗಳನ್ನು ನಮ್ಮ ದೇಶದಲ್ಲೇ ಮಾಡಲು ಇಸ್ರೇಲಿನ ವಿಮಾನೋದ್ಯಮದೊಡನೆ ಒಡಂಬಡಿಕೆ ಮಾಡಿಕೊಂಡಿತು.

ನಿಲ್ದಾಣದ ಬೇಲಿಯಾಚೆ ನಿಂತ ಸರಕು ವಿಮಾನವು ಮೊದಲಿನಿಂದಲೂ ಸರಕಿನದೋ, ಮಾರ್ಪಟ್ಟದ್ದೋ ಎಂದು ಗುರುತಿಸುವ ಒಂದು ಸುಲಭೋಪಾಯವಿದೆ. ಸರಕಿಗೆಂದೇ ಕಟ್ಟಿದ ವಿಮಾನದ ಮಗ್ಗುಲು ನುಣುಪಾಗಿ ಒಂದೇ ಸಮನಾಗಿರುತ್ತದೆ. ಮಾರ್ಪಟ್ಟದ್ದಾದರೆ, ಇಳಿಬಿಸಿಲು ಓರೆಯಾಗಿ ಬೀಳುವ ವೇಳೆಯಲ್ಲಿ ನೋಡಿರಿ: ಬಣ್ಣದ ಕೆಳಗೆ, ಹೆಗಲೆತ್ತರದಲ್ಲಿ, ಮುಂದಿನಿಂದ ಹಿಂದಿನವರೆಗೆ, ಮುಚ್ಚಿದ ಕಿಟಕಿಗಳ ದುಂಡನೆಯ ಅಂಚುಗಳು ಸಾಲಾಗಿ ಕಾಣುವುವು.